ಅವ್ವ ಮುರಿದ ನೆಟಿಗೆ

ನಮ್ಮವ್ವನಷ್ಟು ಚೆನ್ನಾಗಿ ನೆಟಿಗೆ ಮುರಿಯುವವರನ್ನು ನಾನು ಕಂಡಿಲ್ಲ. ಕೊತ್ತತ್ತಿ ಕಡೆಯ ನಮ್ಮೂರಿನ ಹೆಂಗಸರೆಲ್ಲ ಮುರಿಯುವವರೇ, ಅದೂ ಎರಡು ಕಾರಣಕ್ಕೆ. ಯಾರ ಮೇಲಾದರೂ ಹೊಟ್ಟೆ ಉರಿದರೆ ಎರಡೂ ಕೈಯ ಬೆರಳು ಹೆಣೆದು, ಅವರ ಕಡೆ ತಿರುಗಿಸಿ, ಲಟಲಟ ಅನ್ನಿಸಿ ಶಾಪ ಹಾಕುತ್ತಾರೆ. ಮಕ್ಕಳ ಮೇಲೆ ಮಮತೆ ಉಕ್ಕಿದರೆ ಅವರ ಮುಖದ ಮೇಲಿಂದ ಕೈ ಇಳಿಸಿ ತಮ್ಮ ಕಣತಲೆಗೆ ಬೆರಳೊತ್ತಿ ದೃಷ್ಟಿ ತೆಗೆಯುತ್ತಾರೆ. ಬೆರಳೂ ಅವೇ, ಸದ್ದೂ ಅದೇ. ಅವ್ವ ಎರಡನ್ನೂ ಮನಸ್ಸಿಟ್ಟು ಮಾಡುತ್ತಿದ್ದಳು.

ನನಗೆ ಏಳೆಂಟು ವರ್ಷವಿದ್ದಾಗ ಕೊಟ್ಟಿಗೆಯ ಕರುವಿಗೆ ದೃಷ್ಟಿ ತೆಗೆಯಲು ಹೋಗಿದ್ದೆ. ಎಷ್ಟು ಒತ್ತಿದರೂ ಒಂದೂ ನೆಟಿಗೆ ಬೀಳಲಿಲ್ಲ. ಅವ್ವ ಕಸಬರಿಗೆ ಹಿಡಿದು ನಿಂತು ನಕ್ಕಳು. "ಮನ್ಸ್ನಾಗೆ ಏನೋ ಮಡಿಕೊಂಡಿದ್ದೀಯ ಕಣಮ್ಮಿ. ಅದ್ಕೇ ಬೀಳ್ತಿಲ್ಲ." ನಾನು ಅವತ್ತು ಅಟ್ಟದ ಮೇಲಿನ ಬೆಲ್ಲದ ಅಚ್ಚೊಂದನ್ನು ಕದ್ದು ಲಂಗದ ಮಡಿಲಲ್ಲಿ ಬಚ್ಚಿಟ್ಟಿದ್ದೆ. ಅವಳಿಗೆ ಹೇಗೆ ಗೊತ್ತಾಯಿತೋ ಅಂತ ಬೆಚ್ಚಿಬಿದ್ದು ಬೆಲ್ಲ ತಂದು ಕೊಟ್ಟುಬಿಟ್ಟೆ. ಈಗ ನಾನು ಮದ್ದೂರಿನ ಒಂದು ಶಾಲೆಯಲ್ಲಿ ಟೀಚರು. ಕದ್ದ ಮಕ್ಕಳನ್ನು ಹಿಡಿಯಲು ಆ ಉಪಾಯ ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ.

ಅವ್ವ ಊರು ಬಿಟ್ಟು ಮದ್ದೂರಿಗೆ, ನನ್ನ ಮನೆಗೆ, ಬಂದು ಸೇರಿದ್ದು ಅವಳು ಹಾಕಿದ ಒಂದು ಶಾಪದ ನಂತರ. ಅದನ್ನು ಹೇಳದೆ ಮುಂದೆ ಹೋಗಲಾರೆ.

ನನಗೆ ಒಬ್ಬನೇ ಅಣ್ಣ. ಮುಂಗೋಪಿ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಮುಂಗೋಪವಿಲ್ಲದವನು ಅಪ್ಪ ಒಬ್ಬನೇ. ಒಂದು ಬೇಸಿಗೆ ನಾಲೆಯ ನೀರು ಸರದಿಯ ಮೇಲೆ ಬರುತ್ತಿತ್ತು. ನಮ್ಮ ಸರದಿಯ ದಿನ ಪಕ್ಕದ ಗದ್ದೆಯವನು ಬಂದು ಅಂಗಲಾಚಿದ್ದಕ್ಕೆ ಅಪ್ಪ ನೀರನ್ನು ಅವನ ಕಡೆ ತಿರುಗಿಸಿಬಿಟ್ಟ. ಅಣ್ಣ ಬಿತ್ತಿದ್ದ ಭತ್ತದ ಸಸಿಮಡಿ ಒಣಗಿ ಬಿರುಕು ಬಿಟ್ಟಿತು. ಅಣ್ಣ ಗದ್ದೆಯಿಂದ ನೇರ ಬಂದವನೇ ಅರಳಿಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಕೆನ್ನೆಗೆ, ಅಷ್ಟು ಜನರ ಮುಂದೆ, ಬಾರಿಸಿದ. ಒಂದೇ ಏಟು. ಅಪ್ಪ ಬಿದ್ದ ಟವೆಲ್ಲನ್ನು ಎತ್ತಿಕೊಂಡು, ಕೊಡವಿ, ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದ. ಆಮೇಲೆ ಅವನು ಅರಳಿಕಟ್ಟೆಗೆ ಹೋಗಲೇ ಇಲ್ಲ.

ಅಣ್ಣ ಅದೇ ವಾರ ಹೆಂಡತಿಯನ್ನು ಕರೆದುಕೊಂಡು ಅವಳ ತವರಾದ ಮಳವಳ್ಳಿಗೆ ಹೋದ. ಮುಂದಿನ ವರ್ಷ ಅಪ್ಪ ಎದೆನೋವು ಅಂತ ಮಲಗಿದವನು ಏಳಲಿಲ್ಲ. ಸುದ್ದಿ ತಿಳಿದು ಅಣ್ಣ ಓಡಿಬಂದ. ಅಂಗಳದಲ್ಲಿ ಅವನನ್ನು ಕಂಡದ್ದೇ ತಡ, ಅವ್ವ ಅಪ್ಪನ ಹೆಣದ ಪಕ್ಕದಿಂದ ಎದ್ದು ಒಂದು ಹಿಡಿ ಮಣ್ಣು ಬಾಚಿಕೊಂಡು ಅವನ ಮುಖಕ್ಕೆ ತೂರಿದಳು. ಆಮೇಲೆ ಬೆರಳು ಹೆಣೆದು ಅವನ ಕಡೆ ತಿರುಗಿಸಿದಳು.

"ಯಾವ್ ಕೈಲಿ ಎತ್ತಪ್ಪುನ್ಗೆ ಒಡುದ್ಯೋ ಆ ಕೈ ಸೇದೋಗ್ಲಿ ಕಣ್ಲಾ. ಬೆಂಕಿ ಇಕ್ಕಕ್ಕೆ ನೀನ್ ಬ್ಯಾಡ. ಓಗು."

ನೆಟಿಗೆ ಲಟಲಟನೆ ಬಿದ್ದವು. ಊರೆಲ್ಲ ಕೇಳಿಸಿಕೊಂಡಿತು. ಬೆಂಕಿ ಇಟ್ಟವನು ಚಿಕ್ಕಪ್ಪನ ಮಗ. ಅಣ್ಣ ದೂರದ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು ಹೊಗೆ ನೋಡಿ, ಹಾಗೇ ಹೊರಟುಹೋದ. ತಿಥಿ ಮುಗಿದ ಮೇಲೆ ನಾನು ಅವ್ವನನ್ನು ಮದ್ದೂರಿಗೆ ಕರೆತಂದೆ.

ಮದ್ದೂರಿನಲ್ಲಿ ಅವಳಿಗೆ ಕೆಲಸವಿರಲಿಲ್ಲ. ನಮ್ಮ ಯಜಮಾನರು ಟೀವಿ ಹಾಕಿಕೊಟ್ಟರು. ಸಂಜೆ ಆರೂವರೆಗೆ ಬರುತ್ತಿದ್ದ ಒಂದು ಸೀರಿಯಲ್ಲು ಅವಳನ್ನು ಹಿಡಿದುಕೊಂಡಿತು. ಅದರಲ್ಲೊಬ್ಬ ವಿಲನ್ನು. ದಪ್ಪ ಮೀಸೆ, ಕರೀ ಅಂಗಿ, ಕೈಯಲ್ಲಿ ಕಡಗ. ಹೆತ್ತ ತಾಯಿಯನ್ನು ಮನೆಯಿಂದ ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡವನು. ಅವನು ಬಂದರೆ ಸಾಕು, ಹಿಂದೆ ಯಾರೋ ತಗಡು ಬಡಿದಂಥ ಸಂಗೀತ. ಮೊದಲ ದಿನವೇ ಅವ್ವ ಚಾಪೆಯಿಂದ ಎದ್ದು ಟೀವಿಗೆ ನೆಟಿಗೆ ಮುರಿದಳು. "ನಿನ್ ಮನೆ ಆಳಾಗ! ಎತ್ತವ್ವುನ್ನ ನೂಕ್ತೀಯಲ್ಲೋ ಮುಂಡೇಮಗ್ನೆ!" ಅಲ್ಲಿಂದ ಮುಂದೆ ದಿನಾ ಅದೇ. ಯಜಮಾನರು ಆ ಹೊತ್ತಿಗೆ ಸರಿಯಾಗಿ ತರಕಾರಿಗೆ ಅಂತ ಹೊರಬೀಳುತ್ತಿದ್ದರು. "ನಿಮ್ಮವ್ವ ಇಂಗೇ ಮುರೀತಿದ್ರೆ ಒಂದಿನ ಟೀವಿ ಸುಟ್ಟೋಯ್ತದೆ" ಅನ್ನುತ್ತಿದ್ದರು. ಅವಳು ಟೀವಿಯಲ್ಲಿ ಯಾರನ್ನು ಬೈಯುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಅವ್ವ ಮದ್ದೂರಿಗೆ ಬಂದ ಮೂರನೇ ವರ್ಷ ಅತ್ತಿಗೆ ಫೋನು ಮಾಡಿದಳು. ಅಣ್ಣನಿಗೆ ಲಕ್ವ ಹೊಡೆದಿತ್ತು. ನಾನು ಶಾಲೆಯಿಂದ ಹಾಗೇ ಬಸ್ಸು ಹತ್ತಿ ಮಂಡ್ಯದ ಆಸ್ಪತ್ರೆಗೆ ಹೋದೆ. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಹಾಸಿಗೆಯ ಮೇಲೆ ಬೆರಳು ಮಡಚಿಕೊಂಡು ಬಿದ್ದಿತ್ತು. ಅಪ್ಪನಿಗೆ ಹೊಡೆದ ಕೈ ಅದೇ. ಅತ್ತಿಗೆ ನನ್ನನ್ನು ಹೊರಗೆ ಕರೆದು ಗೋಡೆಗೆ ಒರಗಿ ನಿಂತು ಹೇಳಿದಳು: "ನಿಮ್ಮವ್ವುನ್ ಬಾಯ್ ಫಲಿಸ್ತು ಕಣವ್ವ. ಓಗಿ ಏಳು. ಈಗ್ಲಾರ ಒಟ್ಟೆ ತಣ್ಣಗಾಯ್ತಾ ಕೇಳು." ಅಣ್ಣ ಒಳಗಿನಿಂದ ಅದನ್ನು ಕೇಳಿಸಿಕೊಂಡ. ನನ್ನ ಕಡೆ ನೋಡಿದ. ನಾನು "ಹೇಳ್ತೀನಿ" ಅಂದು ಬಂದೆ.

ಹೇಳಬೇಕೆಂದೇ ಬಂದೆ. ಬಾಗಿಲು ತೆಗೆದರೆ ಆರೂವರೆ. ಅವ್ವ ಟೀವಿಯ ಮುಂದೆ ನಿಂತಿದ್ದಾಳೆ, ವಿಲನ್ನು ಯಾರದೋ ಕೆನ್ನೆಗೆ ಹೊಡೆದಿದ್ದಾನೆ, ಇವಳು ಬೆರಳು ಹೆಣೆದು "ಆ ಕೈ ಸೇದೋಗ!" ಅನ್ನುತ್ತಿದ್ದಾಳೆ. ಅದೇ ಮಾತು, ಅದೇ ಸದ್ದು. ನಿನ್ನ ಮಾತು ನಿಜವಾಯಿತು ಕಣವ್ವ, ಅದು ಟೀವಿಯವನಿಗಲ್ಲ, ನೀನು ಹೆತ್ತವನಿಗೆ ತಗುಲಿತು ಅಂತ ಯಾವ ಬಾಯಿಂದ ಹೇಳಲಿ? ಕೇಳಿದರೆ ಅವಳು ಬದುಕುವುದಿಲ್ಲ ಅನ್ನಿಸಿತು. ಶಾಪಗೀಪ ಎಲ್ಲ ಸುಳ್ಳು, ರಕ್ತದೊತ್ತಡದ ಮಾತ್ರೆ ಬಿಟ್ಟಿದ್ದರಿಂದ ಹೀಗಾಯಿತು ಅಂತ ಡಾಕ್ಟರು ನನಗೆ ಹೇಳಿದ್ದರು. ಅವ್ವನಿಗೆ ಡಾಕ್ಟರ ಮಾತು ಯಾವ ಲೆಕ್ಕ? ಊರಿನಿಂದ ಬಂದು ಹೋಗುವ ನೆಂಟರಿಗೆಲ್ಲ ಫೋನು ಮಾಡಿ, ಅವ್ವನ ಕಿವಿಗೆ ಹಾಕಬೇಡಿ ಅಂತ ಕೈಮುಗಿದು ಕೇಳಿಕೊಂಡೆ. ಅವರೆಲ್ಲ ಒಪ್ಪಿದರು. ಶಾಪದ ವಿಷಯವೆಂದರೆ ಅವರಿಗೂ ಭಯ.

ಆ ಹೊತ್ತಿಗೇ ಟೀವಿಯಲ್ಲಿ ಆ ವಿಲನ್ನು ಬದಲಾಗತೊಡಗಿದ. ಜನಕ್ಕೆ ಅವನು ಹಿಡಿಸಿಬಿಟ್ಟಿರಬೇಕು, ಹೀರೋ ಆಗಿದ್ದ ಬಡಕಲು ಹುಡುಗನನ್ನು ಯಾರೂ ಕೇಳುತ್ತಿರಲಿಲ್ಲ. ಮೊದಲು ಅವನು ಒಂದು ಬೀದಿನಾಯಿಗೆ ಬನ್ನು ಹಾಕಿದ. ಅವ್ವ ಅನುಮಾನದಿಂದ ನೋಡಿದಳು. "ಅದ್ರಲ್ಲೇನಾರ ಬೆರ್ಸವ್ನೇನೋ." ನಾಯಿ ಸಾಯಲಿಲ್ಲ. ಮುಂದಿನ ತಿಂಗಳು ಕಡಗ ಹೋಯಿತು. ಅಂಗಿ ಕಪ್ಪಿನಿಂದ ನೀಲಿಗೆ ಬಂತು. ತಗಡಿನ ಸಂಗೀತ ನಿಂತು ಕೊಳಲು ಶುರುವಾಯಿತು. ನಾನು ಇದನ್ನೆಲ್ಲ ತಮಾಷೆ ಮಾಡುತ್ತಿದ್ದೆ. ಅವ್ವ ನಗುತ್ತಿರಲಿಲ್ಲ, ನೋಡುತ್ತಿದ್ದಳು. ನೆಟಿಗೆ ಮುರಿಯುವುದು ದಿನಕ್ಕೆ ಒಂದು ಸಲಕ್ಕೆ ಇಳಿದು, ವಾರಕ್ಕೆ ಒಂದಾಗಿ, ನಿಂತೇಹೋಯಿತು. ಮುಂಡೇಮಗ ಹೋಗಿ 'ಆ ಮೀಸೇಯವ್ನು' ಆದ. ಆಮೇಲೆ 'ಆ ಹೈದ'. ಒಂದು ಸಂಜೆ ನಾನು ಶಾಲೆಯಿಂದ ತಡವಾಗಿ ಬಂದಾಗ, "ಬೇಗ ಬರಬಾರ್ದಾ? ನಮ್ ಹೈದ ಇವತ್ತು ಬಾವಿಗ್ ಬಿದ್ದೋಳ್ನ ಎತ್ತುದ" ಅಂದಳು. ನಮ್ಮ ಹೈದ! ನಾನು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತುಬಿಟ್ಟೆ.

ಕೊನೆಗೆ ಅವನು ತಾಯಿಯ ಕಾಲಿಗೆ ಬಿದ್ದ. ಆ ಒಂದು ಬೀಳುವುದನ್ನು ಅವರು ಒಂದು ವಾರ ತೋರಿಸಿದರು. ತಾಯಿ ಕಾಲು ಹಿಂದಕ್ಕೆಳೆದುಕೊಳ್ಳುವುದೇ ಎರಡು ದಿನ. ಶುಕ್ರವಾರ ಅವಳು ಅವನ ತಲೆ ಮುಟ್ಟಿದಾಗ ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಟೀವಿಯ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು.

"ನಿಮ್ಮಣ್ಣ ಎಂಗವ್ನೆ?"

ಮೂರು ವರ್ಷ ದಾಟಿತ್ತು, ಅವಳ ಬಾಯಿಂದ 'ನಿಮ್ಮಣ್ಣ' ಅನ್ನುವ ಮಾತು ಕೇಳಿ. "ಚೆಂದಾಗವ್ನೆ ಕಣವ್ವ" ಅಂದೆ. ಅವಳು ಮುಂದೆ ಕೇಳಲಿಲ್ಲ.

ಮುಂದಿನ ಭಾನುವಾರವೇ ನಾನು ಮಳವಳ್ಳಿಗೆ ಹೋದೆ. ಅಣ್ಣ ಮನೆಯ ಮುಂದಿನ ಜಗುಲಿಯ ಮೇಲೆ ಕೂತು ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದೇ ಬಿಡಿಸುತ್ತಿದ್ದ. ವ್ಯಾಯಾಮ ಹೇಳಿಕೊಡುವವರು ದಿನಾ ಮಾಡಿಸಿದರೆ ಯುಗಾದಿಯ ಹೊತ್ತಿಗೆ ಬೆರಳು ಬಿಡಬಹುದು ಅಂದಿದ್ದರಂತೆ. "ಅವ್ವ ನಿನ್ನ ಕೇಳುದ್ಲು ಅಣ್ಣಯ್ಯ" ಅಂದೆ. ಅವನ ಮುಖ ಅರಳಿತು, ಅಷ್ಟೇ ಬೇಗ ಮುದುಡಿತು. "ಕರುದ್ಲಾ?" ಅಂದ. ಇಲ್ಲ ಅಂದೆ. "ಕರುದ್ರೆ ಬತ್ತೀನಿ ಕಣವ್ವ. ತಪ್ ನಂದು. ಕರೀದೆ ಇದ್ರೆ ಯಾವ್ ಮಖ ಒತ್ಕೊಂಡು ಬರ್ಲಿ?" ಅಂದ. ನಾನು ಯುಗಾದಿಯ ಲೆಕ್ಕ ಹಾಕಿದೆ. ಬೆರಳು ಬಿಡಲಿ, ಕೈ ಸ್ವಲ್ಪ ಎತ್ತುವಂತಾಗಲಿ, ಆಗ ಕರೆದುಕೊಂಡು ಹೋದರೆ ಅವ್ವನಿಗೆ ಏನೂ ತಿಳಿಯುವುದಿಲ್ಲ ಅಂದುಕೊಂಡೆ. ಎಷ್ಟು ಜಾಣೆ ನಾನು! ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಇಬ್ಬರ ಮಧ್ಯೆ ಒಂದು ಮಾತು ದಾಟಿಸಲಾರದೆ ಹೋದೆ.

ಯುಗಾದಿ ಬಂತು. ಬೆರಳು ಬಿಡಲಿಲ್ಲ. ಅದೇ ವಾರ ಟೀವಿಯಲ್ಲಿ 'ನಮ್ಮ ಹೈದ'ನಿಗೆ ಮದುವೆಯಾಯಿತು. ಈಗ ಅವನೇ ಹೀರೋ. ಬಿಳೀ ಪಂಚೆ, ತಲೆಗೆ ಪೇಟ. ಅವ್ವ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ತಾಳಿ ಕಟ್ಟಿದ ಕೂಡಲೇ ಎದ್ದು ಹೋಗಿ, ಟೀವಿಯಲ್ಲಿ ಅವನ ಮುಖದ ಮೇಲಿಂದ ಎರಡೂ ಕೈ ಇಳಿಸಿ, ತನ್ನ ಕಣತಲೆಗೆ ಒತ್ತಿಕೊಂಡಳು. ಒಂದೂ ತಪ್ಪದೆ ಎಲ್ಲ ಬೆರಳೂ ಲಟಲಟ ಅಂದವು. "ಎಷ್ಟ್ ದೃಷ್ಟಿ ಆಗಿತ್ತು ನೋಡು ಮಗೀಗೆ" ಅಂದಳು. ಅವಳು ಹಾಗೆ ದೃಷ್ಟಿ ತೆಗೆದದ್ದನ್ನು ನಾನು ಕೊನೆಯ ಸಲ ನೋಡಿದ್ದು ಅಣ್ಣನ ಮದುವೆಯ ಚಪ್ಪರದಲ್ಲಿ.

ಆಮೇಲೆ ಅವಳು ಬಂದು ಚಾಪೆಯ ಮೇಲೆ ಕೂತಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡಿಕೊಂಡಳು.

"ಈ ಕೈಲೇ ಅಲ್ವಾ ಅವನ್ಗೂ ಮುರುದಿದ್ದು" ಅಂದಳು. "ಒಟ್ಟೆ ಉರಿಗೆ ಅಂದ್ಬುಟ್ಟೆ ಕಣಮ್ಮಿ. ನಿಮ್ಮಪ್ಪುನ್ ಎಣ ಮುಂದಿತ್ತು. ನೀನ್ ನಿಜ ಏಳು, ಅವನ್ ಕೈ ಚೆಂದಾಗದಾ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಿದ್ದೇ ಅದು. ಬೇರೇನೂ ಅಲ್ಲ, ನೇರ ಕೈಯ ವಿಷಯ. ಆಗ ಹೇಳಿದ್ದರೆ ಅವಳು ಎದೆ ಬಡಿದುಕೊಂಡು ಅಳುತ್ತಿದ್ದಳು. ಅಳಲಿ. ಆ ಕ್ಷಣವೇ ಚಪ್ಪಲಿ ಮೆಟ್ಟಿ ಮಳವಳ್ಳಿಯ ಬಸ್ಸು ಹತ್ತುತ್ತಿದ್ದಳು. ಅದು ನನಗೆ ಇವತ್ತು ಗೊತ್ತು. ಅವತ್ತು ನಾನು ನಕ್ಕೆ.

"ಅಯ್ಯೋ, ಚೆಂದಾಗದೆ ಕಣವ್ವ. ಮೊನ್ನೆ ಮಳವಳ್ಳೀಲಿ ನೋಡ್ದೆ. ಬೈಕ್ ಓಡಿಸ್ಕೊಂಡು ಓಯ್ತಿದ್ದ."

ಬೈಕನ್ನು ಯಾಕೆ ತಂದೆನೋ ದೇವರಿಗೇ ಗೊತ್ತು. ಸುಳ್ಳು ಗಟ್ಟಿಯಾಗಿ ನಿಲ್ಲಲಿ ಅಂತ ಇರಬೇಕು. ಅವ್ವ ಉಸಿರು ಬಿಟ್ಟಳು. "ಸದ್ಯ" ಅಂದಳು. ಆ ದಿನ ಎರಡು ಮುದ್ದೆ ಉಂಡಳು, ಅವರೆಕಾಳಿನ ಸಾರನ್ನು ಕೇಳಿ ಬಡಿಸಿಕೊಂಡಳು. ನಾನು ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ತಟ್ಟೆ ತೊಳೆದೆ.

ಆ 'ಸದ್ಯ' ಹದಿನೈದು ದಿನವೂ ಉಳಿಯಲಿಲ್ಲ. ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತಾ ಕೂತವಳು ಇದ್ದಕ್ಕಿದ್ದಂತೆ, "ಮಳವಳ್ಳಿ ಏನ್ ಪರದೇಸ್ವಾ?" ಅಂದಳು. "ಕೈ ಚೆಂದಾಗದೆ. ಬೈಕ್ ಓಡಿಸ್ತಾನೆ. ಮದ್ದೂರ್ಗೆ ಬರಕ್ಕೆ ದಾರಿ ಗೊತ್ತಿಲ್ವಾ ಅವನ್ಗೆ? ಬಂದಿದ್ರೆ ನೂಕ್ಬುಡ್ತಿದ್ನಾ ನಾನು?" ಸೊಪ್ಪಿನ ದಂಟನ್ನು ಮುರಿದು ಮೊರಕ್ಕೆ ಎಸೆದಳು. "ಸೊಕ್ಕು. ಆ ಟೀವಿಯೋನ್ಗಿರೋ ಬುದ್ಧಿ ನನ್ ಒಟ್ಟೇಲಿ ಉಟ್ಟಿದೋನ್ಗಿಲ್ಲ."

ಅವನಿಗೆ ಸೊಕ್ಕಿಲ್ಲ ಕಣವ್ವ, ನೀನು ಕರೆಯಲಿ ಅಂತ ಕಾಯುತ್ತಿದ್ದಾನೆ ಅಂತ ಬಾಯಿಗೆ ಬಂತು. ಕರೆದರೆ ಕೈ ಕಾಣುತ್ತದೆ. ಕೈ ಕಂಡರೆ ನನ್ನ ಸುಳ್ಳೂ ಕಾಣುತ್ತದೆ. ಮೊದಮೊದಲು ನಾನು ಮುಚ್ಚಿಟ್ಟಿದ್ದು ಅವ್ವ ನೊಂದುಕೊಳ್ಳುತ್ತಾಳೆ ಅಂತ. ಆಮೇಲೆ ಮುಚ್ಚಿಟ್ಟಿದ್ದು ನನ್ನ ಮರ್ಯಾದೆ ಉಳಿಸಿಕೊಳ್ಳಲು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಬರೆಯುತ್ತೇನೆ.

ಅವ್ವ ಆಷಾಢದಲ್ಲಿ ಹೋದಳು. ಮಧ್ಯಾಹ್ನ ಊಟ ಮಾಡಿ, ಹಿಂದಿನ ದಿನದ ಕಂತು ಮರುಪ್ರಸಾರವಾಗುವುದನ್ನು ನೋಡುತ್ತಾ ಚಾಪೆಯ ಮೇಲೆ ಮಲಗಿದ್ದಳು. ನಾನು ಶಾಲೆಯಿಂದ ಬಂದಾಗ ಟೀವಿ ನಡೆಯುತ್ತಲೇ ಇತ್ತು, ಅವಳ ಕೈ ತಣ್ಣಗಾಗಿತ್ತು. ಅವಳು ಅಣ್ಣನ ಬಗ್ಗೆ ಆಡಿದ ಕೊನೆಯ ಮಾತು ಅದೇ, ಸೊಕ್ಕು.

ಊರಿಗೆ ತೆಗೆದುಕೊಂಡು ಹೋದೆವು. ಅಣ್ಣ ಮಳವಳ್ಳಿಯಿಂದ ಆಟೋದಲ್ಲಿ ಬಂದ. ಅತ್ತಿಗೆ ಹೆಗಲು ಕೊಟ್ಟು ಇಳಿಸಿದಳು. ಕಾಲೆಳೆಯುತ್ತಾ, ಬಲಗೈ ಹೊಟ್ಟೆಗೆ ಮಡಚಿಕೊಂಡು ಅದೇ ಅಂಗಳಕ್ಕೆ ಬಂದಾಗ ಅಳುತ್ತಿದ್ದ ಹೆಂಗಸರೆಲ್ಲ ಒಮ್ಮೆಗೇ ಬಾಯಿ ಮುಚ್ಚಿದರು. ಅವ್ವ ಮಣ್ಣು ತೂರಿದ ಜಾಗದಲ್ಲೇ ನಿಂತ. ಯಾರೂ ತಡೆಯಲಿಲ್ಲ. ಅವನೇ ಬೆಂಕಿ ಇಡಲಿ ಅಂತ ನಾನೇ ಹೇಳಿದೆ. ಬೆಂಕಿ ಬಲಗೈಯಲ್ಲೇ ಇಡಬೇಕು ಅಂತ ಹಿರಿಯರೊಬ್ಬರು ಅಂದರಂತೆ. ಚಿಕ್ಕಪ್ಪನ ಮಗ ಆ ಮಡಚಿದ ಬೆರಳುಗಳನ್ನು ಬಿಡಿಸಿ, ಕೊಳ್ಳಿ ಹಿಡಿಸಿ, ಮೇಲೆ ತನ್ನ ಕೈ ಸುತ್ತಿ ಇಡಿಸಿದನಂತೆ.

ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಅಣ್ಣ ನನ್ನನ್ನು ಕರೆದು ಜಗುಲಿಯ ಮೇಲೆ ಕೂರಿಸಿಕೊಂಡ. ಬಾಯಿ ಸ್ವಲ್ಪ ವಾಲಿದ್ದರಿಂದ ಮಾತು ನಿಧಾನ.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೊಬ್ಯಾಡ. ನನ್ ಕೈ ಇಂಗಾಯ್ತು ಅಂತ ನೀನ್ ಏಳ್ದಾಗ, ಅವ್ವ ಏನಂದ್ಲು?"

ನಾನು ನೆಲ ನೋಡಿದೆ.

"ಒಳ್ಳೇದಾಯ್ತು ಅಂದ್ಲಾ? ಅಂದಿದ್ರೂ ಏಳು, ಪರವಾಗಿಲ್ಲ. ಅಂದಿರ್ಬೇಕು. ಅದ್ಕೇ ಅಲ್ವಾ, ನೋಡಕ್ಕೂ ಬರ್ಲಿಲ್ಲ, ಕರೀನೂ ಇಲ್ಲ. ದಿನಾ ಅದೇ ಯೋಚ್ನೆ ನನ್ಗೆ."

ಮತ್ತೊಂದು ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವ್ವ ಅತ್ತಳು ಕಣಣ್ಣ, ಬರಬೇಕು ಅಂತಿದ್ದಳು ಅಂದುಬಿಡಬಹುದಿತ್ತು. ಯಾಕೋ ಆಗಲಿಲ್ಲ. ಆಸ್ಪತ್ರೆಯಿಂದ ಬಂದ ಸಂಜೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಟೀವಿಯ ಕಥೆ ಹೇಳಿದೆ, ಅವಳು ತನ್ನ ಬೆರಳು ನೋಡಿಕೊಂಡು ಅವನ ಕೈಯನ್ನು ಕೇಳಿದ್ದನ್ನು ಹೇಳಿದೆ. ಬೈಕು ಹೇಳಿದೆ. ಸೊಕ್ಕು ಅಂದದ್ದನ್ನೂ ಬಿಡಲಿಲ್ಲ.

ಅಣ್ಣ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಅಂಗಾರೆ ಅವ್ವುನ್ಗೆ ಗೊತ್ತೇ ಇರ್ಲಿಲ್ಲ" ಅಂದ. "ಗೊತ್ತಿದ್ರೆ ಬರೋಳು."

"ಬರೋಳು ಅಣ್ಣಯ್ಯ."

"ಬೈಕ್ ಓಡಿಸ್ತಾನೆ ಅಂದ್ಯಾ?" ಅಂದು ನಗಲು ಹೋದ. ನಗು ವಾಲಿದ ಬಾಯಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತು, ಕಣ್ಣಿಂದ ನೀರು ಬಂತು. ನನ್ನನ್ನು ಬೈಯುತ್ತಾನೆ ಅಂತ ಕಾದೆ. ಬೈದಿದ್ದರೆ, ಆ ಎಡಗೈಯಲ್ಲೇ ಒಂದು ಏಟು ಕೊಟ್ಟಿದ್ದರೆ ಸಮಾಧಾನವಾಗುತ್ತಿತ್ತು. ಅಪ್ಪನಿಗೆ ಹೊಡೆದವನು ಅವನು ಅಂತ ಐದು ವರ್ಷ ಅವನನ್ನೇ ಕೆಟ್ಟವನು ಅಂದುಕೊಂಡಿದ್ದೆವು. ಅವನು ಯಾವಾಗಲೋ ಬದಲಾಗಿಹೋಗಿದ್ದ. ತೋರಿಸುವವರು ಇರಲಿಲ್ಲ, ಅಷ್ಟೇ.

ಸಂಜೆಯ ಬಸ್ಸಿಗೆ ಅವನನ್ನು ಹತ್ತಿಸಲು ಹೋದೆ. ಅತ್ತಿಗೆ ಚೀಲ ಹಿಡಿದು ಮುಂದೆ ನಿಂತಿದ್ದಳು. ನನಗೆ ಏನನ್ನಿಸಿತೋ, ಅವ್ವ ಬದುಕಿದ್ದು ಇವನು ಬಂದಿದ್ದರೆ ಏನು ಮಾಡುತ್ತಿದ್ದಳೋ ಅದನ್ನು ನಾನು ಮಾಡಬೇಕು ಅನ್ನಿಸಿತು. ಜನರೆದುರೇ ಅವನ ಮುಖದ ಮೇಲಿಂದ, ವಾಲಿದ ಬಾಯಿಯ ಮೇಲಿಂದ, ಎರಡೂ ಕೈ ಇಳಿಸಿ ನನ್ನ ಕಣತಲೆಗೆ ಒತ್ತಿಕೊಂಡೆ.

ಒಂದೂ ನೆಟಿಗೆ ಬೀಳಲಿಲ್ಲ. ಇನ್ನೂ ಬಲವಾಗಿ ಒತ್ತಿದೆ, ಬೆರಳು ನೋಯುವಷ್ಟು ಒತ್ತಿದೆ. ಬೀಳಲಿಲ್ಲ. ನಾನು ಅಳಲು ಶುರುಮಾಡಿದೆ.

"ಇರ್ಲಿ ಬುಡವ್ವ" ಅಂದ ಅಣ್ಣ. ಬಸ್ಸು ಬಂದು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. ಅವನು ಹತ್ತಲಿಲ್ಲ. ನನಗೆ ಎಟುಕಲಿ ಅಂತ ತಲೆಯನ್ನು ಇನ್ನಷ್ಟು ಬಗ್ಗಿಸಿ, "ಇನ್ನೊಂದ್ಸಲ ತೆಗಿ" ಅಂದು ಕಣ್ಣು ಮುಚ್ಚಿಕೊಂಡ.